ಕಾಲಾಳಿನ ಕಾದಂಬರಿ: ಎರಡನೇ ಕರಡು ಪಾಲಾರ್ ಹೊಳೆಯ ತನಕ ಬಂತು

ಎರಡನೇ ಕರಡು ಹನ್ನೊಂದನೇ ಅಧ್ಯಾಯಕ್ಕೆ ಬಂದು ನಿಂತಿದೆ. ನನ್ನ ಕಾದಂಬರಿಯ ಕಾಲಾಳು ಮಾಚ ಈಗ ವಾಣಿಯಂಬಾಡಿ ಹತ್ತಿರ ಪಾಲಾರ್ ಹೊಳೆಯ ಮರಳಲ್ಲಿ ಕೂತಿದ್ದಾನೆ. ಹೊಳೆ ಒಣಗಿದೆ. ಜೊತೆಯವರು ಮರಳು ತೋಡಿ ವರತೆ ನೀರು ತೆಗೆಯುತ್ತಿದ್ದಾರೆ. ಅವನು ಕಾದಲು ಹೊರಟಿರುವ ತಕ್ಕೋಲಂ (ಅರಕ್ಕೋಣಂ ಹತ್ತಿರದ ಊರು) ಇನ್ನೂ 9 ದಿನದ ನಡಿಗೆ.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿಂದಿನದು ಹೇಳುತ್ತೇನೆ. ಇದು 949ರ ತಕ್ಕೋಲಂ ಕಾಳಗದ ಕಥೆ. ಒಂದು ಕಡೆ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ, ಇನ್ನೊಂದು ಕಡೆ ಚೋಳ ಪರಾಂತಕನ ಮಗ ರಾಜಾದಿತ್ಯ. ಕೃಷ್ಣನ ಪರವಾಗಿ ಮುಂದೆ ನಿಂತು ಕಾದಿದವನು ಅವನ ಭಾವ, ಗಂಗರ ಇಮ್ಮಡಿ ಬೂತುಗ. ರಾಜಾದಿತ್ಯ ಆನೆಯ ಮೇಲೆಯೇ ಸತ್ತ. ಇಷ್ಟು ಇತಿಹಾಸದ ಪುಸ್ತಕಗಳಲ್ಲಿ ಸಿಗುತ್ತದೆ. ನನಗೆ ಬೇಕಾಗಿರುವುದು ಆ ಆನೆಯ ಕಾಲ ಹತ್ತಿರ ನಿಂತಿದ್ದವನು. ಯಾವುದೋ ಹಳ್ಳಿಯಿಂದ ಬಿಲ್ಲು ಹೆಗಲಿಗೆ ಹಾಕಿಕೊಂಡು ಅಷ್ಟು ದೂರ ನಡೆದವನು.

ಮಾಚನ ಊರನ್ನು ನಾನು ಹೊಸೂರು ಹತ್ತಿರದ ತಳಿ ಕಡೆ ಇಟ್ಟಿದ್ದೇನೆ. ನಾನು ಹುಟ್ಟಿ ಬೆಳೆದ ಸೀಮೆ ಅದು. ಇವತ್ತಿಗೂ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುತ್ತವೆ. ಬೂತುಗನ ದಂಡಿನ ಒಂದು ಪಾಲು ಹೊಸೂರು ಬಯಲು ದಾಟಿ, ಕೃಷ್ಣಗಿರಿ ಕಡೆ ಇಳಿದು, ಪಾಲಾರ್ ಹಿಡಿದು ಹೋಯಿತು ಅನ್ನುವುದು ಕಾದಂಬರಿಗಾಗಿ ನಾನು ಆರಿಸಿಕೊಂಡ ದಾರಿ. ಹೊಸೂರಿನಿಂದ ತಕ್ಕೋಲಂಗೆ ಹೆಚ್ಚುಕಡಿಮೆ 240 ಕಿಲೋಮೀಟರ್. ದಿನಕ್ಕೆ 15ರ ಲೆಕ್ಕ ಹಿಡಿದರೆ 16 ದಿನ.

ಈ ಮೂರು ತಿಂಗಳು ಬರೆದದ್ದಕ್ಕಿಂತ ಅಳಿಸಿದ್ದೇ ಜಾಸ್ತಿ. ಮೊದಲ ಕರಡಿನಲ್ಲಿ ಮಾಚನ ತಾಯಿ ಅವನಿಗೆ ಬುತ್ತಿ ಕಟ್ಟಿಕೊಡುವಾಗ ಕೆಂಪು ಮೆಣಸಿನಕಾಯಿ ಚಟ್ನಿ ಇಟ್ಟಿದ್ದಳು. ಬರೆದು ಒಂದು ವರ್ಷ ಆದ ಮೇಲೆ ಥಟ್ಟನೆ ಹೊಳೆಯಿತು. ಮೆಣಸಿನಕಾಯಿ ನಮ್ಮ ನಾಡಿಗೆ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ, 1498ರ ನಂತರ. ಮಾಚ ಸತ್ತು ಐದು ನೂರು ವರ್ಷ ಕಳೆದ ಮೇಲೆ! ಅವತ್ತೇ ಕೂತು ಎಲ್ಲಾ ಅಧ್ಯಾಯಗಳನ್ನೂ ಜರಡಿ ಹಿಡಿದೆ. ಕಡಲೆಕಾಯಿ ಹೋಯಿತು. ಟೊಮೆಟೊ ಹೋಯಿತು. ಒಬ್ಬ ಬೇಹಿನವನು ಲಂಟಾನ ಪೊದೆಯ ಹಿಂದೆ ಅಡಗಿದ್ದ, ಆ ಪೊದೆಯೂ ಹೋಯಿತು. ಲಂಟಾನ ಬ್ರಿಟಿಷರ ಕಾಲದಲ್ಲಿ ಬಂದದ್ದು. ಪಾಪಸ್ಕಳ್ಳಿ ಅಮೆರಿಕದ್ದು, ನೀಲಗಿರಿ ಮರ ಆಸ್ಟ್ರೇಲಿಯಾದ್ದು. ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಕಾಣುವ ಅರ್ಧ ಹಸಿರನ್ನು ಕಣ್ಣಿಂದ ಒರೆಸಿ ಹಾಕಬೇಕಾಯಿತು. ಉಳಿದದ್ದು ಹುಣಸೆ, ಹೊಂಗೆ, ಆಲ, ಜಾಲಿ, ಬಂಡೆ. ಹೊಲದಲ್ಲಿ ರಾಗಿ, ಹುರುಳಿ, ಅವರೆ, ಸಾಮೆ. ಬುತ್ತಿಯಲ್ಲಿ ಈಗ ಹುಣಸೆ, ಉಪ್ಪು, ಕಾಳುಮೆಣಸು ಅರೆದ ಉಂಡೆ ಇದೆ. ಕಾಳುಮೆಣಸು ಆ ಮನೆಗೆ ದುಬಾರಿ. ತಾಯಿ ಅದನ್ನು ಎಣಿಸಿ ಹಾಕುತ್ತಾಳೆ. ಆ ಎಣಿಸುವ ಕೈಯಿಂದ ಅಧ್ಯಾಯಕ್ಕೆ ಜೀವ ಬಂತು.

ದಾರಿಯ ಊಟಕ್ಕೆ ಹುರಿಹಿಟ್ಟು ಇಟ್ಟಿದ್ದೇನೆ. ರಾಗಿ ಅರಳು ಹುರಿದು ಬೀಸಿದ ಹಿಟ್ಟು, ಜೊತೆಗೆ ಬೆಲ್ಲ. ಒಲೆ ಬೇಡ, ನೀರಿದ್ದರೆ ಸಾಕು. ಆದರೆ ಅದನ್ನು ತಿಂದು ಹೊತ್ತುಕೊಂಡು ನಡೆದರೆ ಮೈಗೆ ಏನಾಗುತ್ತದೆ ಅಂತ ನನಗೂ ಗೊತ್ತಾಗಬೇಕಿತ್ತು. ಒಂದು ಭಾನುವಾರ ಅಮ್ಮನ ಹತ್ತಿರ ಹುರಿಹಿಟ್ಟು ಮಾಡಿಸಿಕೊಂಡೆ. 12 ಕಿಲೋ ತೂಕದ ಗೋಣಿಚೀಲ ಬೆನ್ನಿಗೆ ಕಟ್ಟಿಕೊಂಡು ಕೆಲಮಂಗಲದಿಂದ ರಾಯಕೋಟೆ ದಾರಿ ಹಿಡಿದೆ. ಕಾಲಿಗೆ ಬರೀ ತೊಗಲಿನ ಮೆಟ್ಟು.

ಅಮ್ಮ ಬಾಗಿಲಲ್ಲಿ ನಿಂತು, "ಬಸ್ ಇದೆಯಲ್ಲೋ ಮಗ" ಅಂದರು.

"ಮಾಚನಿಗೆ ಇರಲಿಲ್ಲಮ್ಮ" ಅಂದೆ. ಅವರು ಏನೂ ಹೇಳದೆ ಇನ್ನೊಂದು ಅಚ್ಚು ಬೆಲ್ಲ ತಂದು ಚೀಲಕ್ಕೆ ಹಾಕಿದರು.

ಮೊದಲ ಎರಡು ಗಂಟೆ ಸುಖವಾಗಿತ್ತು. ಆಮೇಲೆ ಹೆಗಲು ಉರಿಯತೊಡಗಿತು. ಚೀಲದ ಹಗ್ಗ ಕೊರೆದ ಜಾಗ ಬಿಟ್ಟರೆ ಬೇರೆ ಯಾವುದರ ಮೇಲೂ ಮನಸ್ಸು ನಿಲ್ಲಲಿಲ್ಲ. ನನ್ನ ಮೊದಲ ಕರಡಿನಲ್ಲಿ ಮಾಚ ನಡೆಯುತ್ತಾ ರಾಜರ ಬಗ್ಗೆ, ನಾಡಿನ ಬಗ್ಗೆ ಪುಟಗಟ್ಟಲೆ ಯೋಚಿಸುತ್ತಿದ್ದ. ಅದನ್ನೆಲ್ಲ ತೆಗೆದೆ. ಈಗ ಅವನು ಹಗ್ಗವನ್ನು ಬಲ ಹೆಗಲಿಂದ ಎಡಕ್ಕೆ, ಎಡದಿಂದ ಬಲಕ್ಕೆ ಬದಲಿಸುತ್ತಾನೆ. ಮುಂದಿನವನ ಹಿಮ್ಮಡಿ ನೋಡುತ್ತಾನೆ.

ನಡೆದ ಮೇಲೆ ಒಂದು ಲೆಕ್ಕವೂ ಹಾಕಿದೆ. ಒಬ್ಬ ಆಳಿಗೆ ದಿನಕ್ಕೆ ಅರ್ಧ ಕಿಲೋ ಹಿಟ್ಟು ಅಂದರೂ 16 ದಿನಕ್ಕೆ 8 ಕಿಲೋ. ಬಿಲ್ಲು, ಬಾಣ, ಕತ್ತಿ, ನೀರು ಬೇರೆ. ಸಾವಿರ ಜನರಿಗೆ ದಿನಕ್ಕೆ 500 ಕಿಲೋ. ಒಂದು ಹೇರೆತ್ತು 100 ಕಿಲೋ ಹೊರುತ್ತದೆ ಅಂತ ಹಿಡಿದರೆ ದಿನಕ್ಕೆ 5 ಎತ್ತು, 16 ದಿನಕ್ಕೆ 80. ಎತ್ತಿಗೆ ಮೇವು, ಎತ್ತು ಹೊಡೆಯುವವನಿಗೆ ಊಟ, ಅದೆಲ್ಲ ಇದರ ಮೇಲೆ. ಇದು ನನ್ನ ಅಂದಾಜು ಅಷ್ಟೇ. ಆದರೆ ಕಾಗದದ ಮೇಲೆ ಬರೆದ ಕೂಡಲೇ ದಂಡಿನ ಹಿಂದೆ ಧೂಳೆಬ್ಬಿಸಿಕೊಂಡು ಬರುವ ಎತ್ತಿನ ಸಾಲು ಕಣ್ಣಿಗೆ ಕಟ್ಟಿತು. ಹೇರೆತ್ತು ಹೊಡೆಯುವ ಪೋಚ ಹುಟ್ಟಿದ್ದು ಈ ಲೆಕ್ಕದಿಂದ. ಮೊದಲ ಕರಡಿನಲ್ಲಿ ಅವನು ಇರಲೇ ಇಲ್ಲ.

ಈಗ ಕಾದಂಬರಿಯ ದಿಕ್ಕನ್ನೇ ತಿರುಗಿಸಿದ ವಿಷಯಕ್ಕೆ ಬರುತ್ತೇನೆ.

ತಕ್ಕೋಲಂ ಕಾಳಗದ ಬಗ್ಗೆ ಕನ್ನಡದಲ್ಲಿರುವ ದೊಡ್ಡ ಸಾಕ್ಷಿ ಆತಕೂರಿನ ಕಲ್ಲು. ಆತಕೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿದೆ. ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಂಗೆ ಸೇರಿದೆ. ಅದರ ಮೇಲೆ ಕೆತ್ತಿರುವುದು ಒಂದು ನಾಯಿ ಮತ್ತು ಒಂದು ಹಂದಿ, ಮೈಮೇಲೆ ಬಿದ್ದು ಕಾದಾಡುತ್ತಿವೆ. ಬೂತುಗನ ಕಡೆಯ ಮಣಲೇರ ಎಂಬ ವೀರ ತಕ್ಕೋಲದಲ್ಲಿ ಚೆನ್ನಾಗಿ ಕಾದಿದ. ಮೆಚ್ಚಿದೆ, ಏನು ಬೇಕೋ ಕೇಳು ಅಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆಮೇಲೆ ಆ ನಾಯಿ ಬೆಳ್ತೂರಿನ ಗುಡ್ಡದಲ್ಲಿ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು, ಪೂಜೆಗೆ ಗೊರವನನ್ನು, ಅಂದರೆ ಶೈವ ಪೂಜಾರಿಯನ್ನು, ನೇಮಿಸಿದರು. ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ಅಂತ ಬರೆಸಿದರು. ಕೃಷ್ಣನಿಂದ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಸಿಕ್ಕವು (ಈ ಅಂಕಿಗಳು ಆ ನಾಡಿನ ಹಳ್ಳಿಗಳ ಲೆಕ್ಕ ಅಂತ ಹೇಳುತ್ತಾರೆ). ಮಣಲೇರನಿಗೆ ಆತಕೂರು 12 ಬಾಳ್ಗಚ್ಚಾಗಿ ಬಂತು. ಬಾಳ್ ಅಂದರೆ ಕತ್ತಿ. ಕತ್ತಿಯ ನೆತ್ತರು ತೊಳೆದು ಕೊಡುವ ಉಂಬಳಿ ಬಾಳ್ಗಚ್ಚು.

ಆ ಕಲ್ಲನ್ನು ನಾನು ಮೊದಲು ನೋಡಿದಾಗ ಖುಷಿಯೇ ಆಗಿತ್ತು. ಒಂದು ನಾಯಿಯನ್ನು ಇಷ್ಟು ಪ್ರೀತಿಯಿಂದ ನೆನೆದಿದ್ದಾರಲ್ಲ ಅಂತ. ಆಮೇಲೆ ನಿಧಾನವಾಗಿ ಇನ್ನೊಂದು ಕಾಡತೊಡಗಿತು. ತಕ್ಕೋಲಂಗೆ ಹೋದ ರಾಜರ ಹೆಸರಿದೆ. ಸಾಮಂತನ ಹೆಸರಿದೆ. ನಾಯಿಯ ಹೆಸರಿದೆ. ಮಾಚನಂಥವನ ಹೆಸರು ಆ ಕಲ್ಲಿನಲ್ಲಿ ಒಂದೂ ಇಲ್ಲ.

ಇದನ್ನು ಕ್ಯಾಂಟೀನ್‌ನಲ್ಲಿ ಒಬ್ಬ ಗೆಳೆಯನಿಗೆ ಹೇಳಿದೆ. ಅವನು ಚೆಂಗಂ ಕಡೆಯವನು, ತಮಿಳಿನವನು. ಅವನು ತನ್ನ ಕಡೆಯ ಎಡುತ್ತನೂರಿನ ನಡುಕಲ್ಲಿನ, ಅಂದರೆ ವೀರಗಲ್ಲಿನ, ಬಗ್ಗೆ ಹೇಳಿದ. ಪಲ್ಲವ ಮಹೇಂದ್ರವರ್ಮನ ಕಾಲದ್ದು, 7ನೇ ಶತಮಾನ. ಕರುಂದೇವಕತ್ತಿ ಎಂಬವನು ತನ್ನ ಎಮ್ಮೆಗಳನ್ನು ಕಾಪಾಡಲು ಹೋಗಿ ಸತ್ತ. ಅವನ ನಾಯಿ ಕೋವಿವನ್ ಇಬ್ಬರು ಕಳ್ಳರನ್ನು ಕಚ್ಚಿ ಕಾವಲು ನಿಂತಿತು. ಕಲ್ಲಿನಲ್ಲಿ ಇಬ್ಬರ ಹೆಸರೂ ಇದೆ, ಆಳಿನದೂ ನಾಯಿಯದೂ. ಮಧ್ಯಾಹ್ನದ ಪಾಳಿ ಪೂರ್ತಿ ಆ ಎರಡು ನಾಯಿಗಳು ನನ್ನ ತಲೆಯಲ್ಲೇ ಓಡಾಡಿದವು. ಸ್ವಂತ ಊರಿನ ಗಡಿಯಲ್ಲಿ ಎಮ್ಮೆಗಾಗಿ ಸತ್ತವನಿಗೆ ಹೆಸರು ಉಳಿಯಿತು. ರಾಜನ ಕೆಲಸಕ್ಕೆ 240 ಕಿಲೋಮೀಟರ್ ನಡೆದವನಿಗೆ?

ಎಲ್ಲ ಕಡೆ ಹೀಗೇ ಅಂತ ನಾನು ಹೇಳುತ್ತಿಲ್ಲ. ರಾಜರ ಕಾಳಗದಲ್ಲಿ ಬಿದ್ದವರಿಗೂ ಕಲ್ಲು ನಿಲ್ಲಿಸಿದ್ದಾರೆ. ಬೇಗೂರಿನ ದೊಡ್ಡ ವೀರಗಲ್ಲು ಅಂಥದ್ದೇ. ತುಂಬೆಪಾಡಿಯಲ್ಲಿ ಬೀರಮಹೇಂದ್ರನ ಆನೆಗಳಿಗೆ ಎದುರಾಗಿ ಬಿದ್ದ ನಾಗತ್ತರನ ಕಲ್ಲು ಅದು. ಆದರೆ ನಾಗತ್ತರ ಒಂದು ಪಡೆಯ ಒಡೆಯ. ಆ ಕಲ್ಲಿನಲ್ಲಿ ಅವನ ಸುತ್ತ ಬಿದ್ದಿರುವವರನ್ನು ನೋಡಿ. ಒಬ್ಬನ ಮೇಲೆ ಒಬ್ಬ ಬಿದ್ದಿದ್ದಾರೆ. ಕೆತ್ತಿದವನು ಅವರನ್ನು ಬಿಟ್ಟಿಲ್ಲ, ಮೈ ಕೊಟ್ಟಿದ್ದಾನೆ.

ಹೋದ ತಿಂಗಳು ತಳಿ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಹೊಲದ ಬದುವಿನಲ್ಲಿ ಒಂದು ವೀರಗಲ್ಲು, ಅರ್ಧ ಮಣ್ಣಲ್ಲಿ ಹೂತಿದೆ. ಬಿಲ್ಲು ಹಿಡಿದ ಆಳು, ತುರುಬು ಕಟ್ಟಿದ್ದಾನೆ, ಮೈಮೇಲೆ ಕವಚ ಇಲ್ಲ, ಎದೆಗೆ ಎರಡು ಬಾಣ ನೆಟ್ಟಿವೆ. ಮೇಲೆ ಅವನನ್ನು ಅಪ್ಸರೆಯರು ಕರೆದುಕೊಂಡು ಹೋಗುತ್ತಿದ್ದಾರೆ. ಅಕ್ಷರ ಸವೆದು ಹೋಗಿದೆ. ಅರಿಶಿನ ಕುಂಕುಮ ಮಾತ್ರ ಹೊಸದು. ನಾನು ನೋಟ್‌ಬುಕ್ ತೆಗೆದು ಬರೆದುಕೊಳ್ಳುತ್ತಿದ್ದಾಗ ಒಬ್ಬ ಅಜ್ಜಿ ಬಂದರು.

"ಏನಪ್ಪಾ, ಏನ್ ಬರ್ಕೋತಿದೀಯ?"

"ಇವರು ಯಾರು ಅಂತ ನೋಡ್ತಿದೀನಿ ಅಜ್ಜಿ."

"ನಮ್ಮ ವೇಡಿಯಪ್ಪ ಅಲ್ವಾ. ದನ ಕಾಯೋರು. ನಮ್ಮ ಅತ್ತೆ ಪೂಜೆ ಮಾಡ್ತಿದ್ರು, ಈಗ ನಾನ್ ಮಾಡ್ತೀನಿ."

ಕೃಷ್ಣಗಿರಿ, ಧರ್ಮಪುರಿ ಕಡೆ ಇಂಥ ಎಷ್ಟೋ ಕಲ್ಲುಗಳು ವೇಡಿಯಪ್ಪನಾಗಿ ಪೂಜೆ ಪಡೆಯುತ್ತಿವೆ. ಅಜ್ಜಿ ಕಲ್ಲಿನ ಎದೆಯ ಬಾಣದ ಮೇಲೆ ಬೆರಳಿಟ್ಟು ಕುಂಕುಮ ಹಚ್ಚಿದರು, ನೋಯದಂತೆ ಹಚ್ಚುವ ಹಾಗೆ. ನನಗೆ ಮಾಚನ ತಾಯಿ ಅಲ್ಲಿ ಸಿಕ್ಕಳು.

ಹೀಗಾಗಿ ಕಥೆ ಬದಲಾಗಿದೆ. ಮಾಚನ ಅಪ್ಪ ತುರುಗೋಳಿನಲ್ಲಿ ಸತ್ತವನು. ಊರ ದನ ಹೊಡೆದುಕೊಂಡು ಹೋಗುತ್ತಿದ್ದವರನ್ನು ಅಡ್ಡಗಟ್ಟಿ ಬಿದ್ದ. ಊರ ಗಡಿಯಲ್ಲಿ ಅವನ ಕಲ್ಲಿದೆ, ತಾಯಿ ದಿನಾ ಅದಕ್ಕೆ ನೀರು ಹಾಕುತ್ತಾಳೆ. ಮಾಚ ಅದಕ್ಕಿಂತ ದೊಡ್ಡ ಕಲ್ಲು ತನಗಾಗಬೇಕು ಅಂತ ದಂಡಿಗೆ ಸೇರುತ್ತಾನೆ. ಪಂಪ 941ರಲ್ಲಿ ಬರೆದ ಕಾವ್ಯದಲ್ಲಿ ಜೋಳದ ಪಾಳಿ ಅನ್ನುವ ಮಾತು ಬರುತ್ತದೆ. ಒಡೆಯನ ಜೋಳ ತಿಂದ ಮೇಲೆ ಅದರ ಋಣ ತೀರಿಸಬೇಕು ಅನ್ನುವ ಕಟ್ಟಳೆ. ಮಾಚ ಇನ್ನೂ ಯಾರ ಜೋಳವನ್ನೂ ತಿಂದಿಲ್ಲ. ಚೀಲದಲ್ಲಿರುವುದು ತಾಯಿ ಬೀಸಿದ ರಾಗಿ. ಈ ಒಂದು ವಿಷಯ ಕೈಗೆ ಸಿಕ್ಕ ಮೇಲೆ ಐದನೇ ಅಧ್ಯಾಯ ಎರಡೇ ರಾತ್ರಿಯಲ್ಲಿ ಮುಗಿಯಿತು.

ಕಾಳಗದ ಅಧ್ಯಾಯ ಇನ್ನೂ ಬರೆದಿಲ್ಲ. ಆದರೆ ಒಂದು ತೀರ್ಮಾನ ಆಗಿದೆ. ರಾಜಾದಿತ್ಯ ಸಾಯುವುದನ್ನು ಮಾಚ ನೋಡುವುದಿಲ್ಲ. ಆತಕೂರಿನ ಕಲ್ಲು ಆನೆಯ ಅಂಬಾರಿಯೇ ರಣಕಳವಾಯಿತು ಅನ್ನುತ್ತದೆ, ಚೋಳರ ಶಾಸನಗಳು ಅವನನ್ನು ಆನೆಯ ಮೇಲೆ ಮಡಿದ ದೊರೆ ಅಂತ ಕರೆಯುತ್ತವೆ. ಕೆಳಗಿದ್ದವನಿಗೆ ಧೂಳು, ಕೂಗು, ಒಮ್ಮೆಗೇ ಹಿಂದಕ್ಕೆ ನುಗ್ಗುವ ಜನ. ಗೆದ್ದದ್ದು ತನ್ನ ಕಡೆ ಅಂತ ಅವನಿಗೆ ಸಂಜೆ ಗೊತ್ತಾಗುತ್ತದೆ, ಅದೂ ಯಾರೋ ಹೇಳಿದ ಮೇಲೆ.

ಚೋಳರ ಕಡೆಯವನೊಬ್ಬನನ್ನೂ ಕಥೆಯೊಳಗೆ ತರಬೇಕು ಅನ್ನಿಸುತ್ತಿದೆ. ರಾಜಾದಿತ್ಯನ ಆಪ್ತನೊಬ್ಬ ಕೇರಳದವನು. ಒಡೆಯನ ಜೊತೆ ರಣದಲ್ಲಿ ಸಾಯಲು ಆಗಲಿಲ್ಲವಲ್ಲ ಅಂತ ನೊಂದು, ಸನ್ಯಾಸಿಯಾಗಿ, ತಿರುವೊತ್ತಿಯೂರಿನಲ್ಲಿ ಚತುರಾನನ ಪಂಡಿತ ಎಂಬ ಹೆಸರಿನಿಂದ ಇದ್ದ. ಅಲ್ಲಿನ ಶಾಸನದಲ್ಲೇ ಇದೆ. ಸೋತ ಕಡೆಯ ದೊಡ್ಡವನ ನೋವಿಗೆ ಕಲ್ಲು ಸಿಕ್ಕಿದೆ. ವೀರಾಣಂ ಕೆರೆಯನ್ನು ರಾಜಾದಿತ್ಯನ ಸೈನಿಕರು ಬೀಡುಬಿಟ್ಟಿದ್ದಾಗ ತೋಡಿದರು ಅಂತ ಆ ಕಡೆ ಹೇಳುತ್ತಾರೆ. ಈಗ ಚೆನ್ನೈಗೆ ಕುಡಿಯುವ ನೀರು ಹೋಗುವ ಕೆರೆ ಅದು. ಗುದ್ದಲಿ ಹಿಡಿದು ಕೈ ಬೊಬ್ಬೆ ಬಂದ ಒಬ್ಬ ಚೋಳ ಕಾಲಾಳು ಮಾಚನಿಗೆ ಎದುರಾಗಬೇಕು. ಇಬ್ಬರ ಭಾಷೆಯೂ ಪೂರ್ತಿ ಬೇರೆ ಅಲ್ಲ. ನೀರು ಅಂದರೆ ನೀರೇ.

ಈಗ 11 ಅಧ್ಯಾಯ ಸೇರಿ 46,000 ಪದ ಆಗಿದೆ. ಉಳಿದಿರುವುದು ನಾಲ್ಕು. ಪೊಂಗಲ್ ರಜೆಗೆ ವಾಣಿಯಂಬಾಡಿಯಿಂದ ಆಂಬೂರಿನ ತನಕ ಪಾಲಾರ್ ದಂಡೆಯಲ್ಲೇ ನಡೆಯುತ್ತೇನೆ. ಅಲ್ಲಿಂದ ಬಸ್ಸಿನಲ್ಲಿ ತಕ್ಕೋಲಂ. ಚೆಂಗಂ ಗೆಳೆಯ ತಾನೂ ಬರುತ್ತೇನೆ ಅಂದಿದ್ದಾನೆ.

ಕೊನೆಯ ಅಧ್ಯಾಯದಲ್ಲಿ ಮಾಚ ಬದುಕಿ ಬರುತ್ತಾನೆ, ಪೋಚ ಬರುವುದಿಲ್ಲ. ಪೋಚನಿಗೆ ಕಲ್ಲು ನಿಲ್ಲಿಸುವವರು ಯಾರೂ ಇಲ್ಲ. ಮಾಚ ತನ್ನ ಊರಿಗೆ ಹೋಗುವ ಮೊದಲು ಅವನ ಊರು ಹುಡುಕಿಕೊಂಡು ಹೋಗಿ ಮನೆಯವರಿಗೆ ಸುದ್ದಿ ಹೇಳಬೇಕು. ಅವನಿಗೆ ಗೊತ್ತಿರುವುದು ಎರಡೇ, ಊರ ಮುಂದೆ ಜೋಡಿ ಹುಣಸೆ ಮರ, ಪಕ್ಕದಲ್ಲಿ ಒಂದು ಗುಂಡುಬಂಡೆ. ಆ ಊರನ್ನು ಎಲ್ಲಿ ಇಡುವುದು ಅಂತ ಈ ವಾರ ನಕ್ಷೆ ಬಿಚ್ಚಿಕೊಂಡು ಕೂರುತ್ತೇನೆ. ಬರಗೂರು ಕಡೆ ಇರಬಹುದು, ಇಲ್ಲವೇ ಕಾವೇರಿಪಟ್ಟಣಂ ಹತ್ತಿರ.