ನಾಲ್ಕು ಸಾಲು, ಎರಡು ಮಾತು

"ಬರ್ದಿದ್ದು ನಾಲ್ಕು ಸಾಲು. ಓದಿದ್ದು ಎರಡೇ ಮಾತು. ಮಿಕ್ಕಿದ್ದೆಲ್ಲಿ ಹೋಯ್ತು ಮಗಾ?"

ಮಂಗಳವಾರದಿಂದ ಈ ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ. ನಾನು ಸೋಶಿಯಲ್ ವರ್ಕ್ ವಿದ್ಯಾರ್ಥಿನಿ; ಫೀಲ್ಡ್‌ವರ್ಕ್‌ನಲ್ಲಿ ಆ ಅಜ್ಜಿಯ ಮನೆಗೆ ಅದು ನನ್ನ ಮೂರನೇ ಹೋಮ್ ವಿಸಿಟ್. ಅಜ್ಜಿಗೆ ಓದು ಬರುವುದಿಲ್ಲ ಅಂತ ಫೈಲಿನಲ್ಲೇ ಇತ್ತು, ಅದಕ್ಕೇ ಎದುರಲ್ಲೇ ಧೈರ್ಯವಾಗಿ ಗೀಚುತ್ತಾ ಕೂತಿದ್ದೆ. "ಏನ್ ಬರ್ಕೊಂಡೆ, ಓದು ಕೇಳೋಣ" ಅಂದರು. ಬರೆದದ್ದು ಇಷ್ಟು: ಮನೆ ಅಶುಚಿ. ಮಗನ ವಿಷಯ ಎತ್ತಿದರೆ ಮಾತು ಮರೆಸುತ್ತಾರೆ. ಸಹಕಾರ ಕಡಿಮೆ. ಇನ್ನೊಂದು ವಿಸಿಟ್ ಬೇಕು. ಓದಿದ್ದು: "ಅಜ್ಜಿಗೆ ಮಂಡಿನೋವಿದೆ. ಒಬ್ಬರೇ ಇರ್ತಾರೆ."

ಓದು ಬರದಿದ್ದರೇನು, ಸಾಲು ಎಣಿಸಲು ಬರುತ್ತದಲ್ಲ.

ಅವರು ಸಿಟ್ಟಾಗಲಿಲ್ಲ, ಅದೇ ಕಷ್ಟ. ಸಿಟ್ಟಾಗಿದ್ದರೆ ಅದನ್ನೇ ಐದನೇ ಸಾಲು ಮಾಡಿಕೊಂಡು ಎದ್ದು ಬರುತ್ತಿದ್ದೆ.

ಕೇಸ್‌ವರ್ಕ್ ಅಂದರೆ ಒಬ್ಬೊಬ್ಬರ ಕಷ್ಟವನ್ನು ಬೇರೆಬೇರೆಯಾಗಿ ಅರಿತು ನೆರವಾಗುವುದು. ಅದಕ್ಕೆ ಅಮೆರಿಕದ ಪ್ರಾಧ್ಯಾಪಕ ಫೆಲಿಕ್ಸ್ ಬೀಸ್ಟೆಕ್ 1957ರಲ್ಲಿ ಹೇಳಿದ ಏಳು ತತ್ತ್ವಗಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತೇನೆ. ತೀರ್ಪು ಕೊಡಬಾರದು ಅನ್ನುವುದೂ ಅದರಲ್ಲೊಂದು. ಪರೀಕ್ಷೆಯಲ್ಲಿ ಪೂರ್ತಿ ಅಂಕ ಬಂದಿತ್ತು. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡ್, ಅಮೆರಿಕಗಳಲ್ಲಿ ಚಾರಿಟಿ ಸಂಸ್ಥೆಗಳ 'ಫ್ರೆಂಡ್ಲಿ ವಿಸಿಟರ್'ಗಳು ಬಡವರ ಮನೆ ಹೊಕ್ಕು, ನೆರವಿಗೆ ಯಾರು ಯೋಗ್ಯರು, ಯಾರಲ್ಲ ಎಂದು ವಿಂಗಡಿಸುತ್ತಿದ್ದರಂತೆ. ಕ್ಲಾಸಿನಲ್ಲಿ ಅದನ್ನು ಕೇಳಿ ನಕ್ಕಿದ್ದೆವು. 'ಸಹಕಾರ ಕಡಿಮೆ' ಯಾವ ಶತಮಾನದ ಸಾಲು?

ಸೂಪರ್‌ವೈಸರ್ ಮೇಡಂ, "ಅವರ ಮುಂದೆ ಬರೀಬೇಡ, ಹೊರಗೆ ಬಂದ್ಮೇಲೆ ಬರಿ" ಅಂದರು. ಒಳ್ಳೆಯವರೇ. ಆದರೆ ಹೇಳಿಕೊಟ್ಟದ್ದು ಸಿಕ್ಕಿಬೀಳದಿರುವ ಉಪಾಯ.

ಕಂಡದ್ದು ಬೇರೆ, ಊಹಿಸಿದ್ದು ಬೇರೆ ಎಂದು ಕೇಸ್‌ವರ್ಕ್‌ಗೆ ಬುನಾದಿ ಹಾಕಿದ ಮೇರಿ ರಿಚ್ಮಂಡ್ 1917ರಲ್ಲೇ ಪುಟಗಟ್ಟಲೆ ಬರೆದಿದ್ದಾರೆ. ನಾನು ಕಂಡದ್ದಾದರೂ ಏನು? ತೊಳೆಯದ ಎರಡು ಪಾತ್ರೆ, ನೆಲದ ಮೇಲೆ ಮಡಿಸದ ಬಟ್ಟೆ. ಮಂಡಿ ಬಗ್ಗದವರು ಅದನ್ನು ಎತ್ತಿಡುವುದು ಹೇಗೆ? ಮಗನ ಸಂಗತಿಯನ್ನು ಮೂರು ಸಲ ಬಂದು ಹೋದ ಹುಡುಗಿಗೆ ಯಾಕೆ ಹೇಳಬೇಕು? ತಮಾಷೆಯೆಂದರೆ ಮಂಡಿನೋವು ನನ್ನ ನೋಟ್‌ಬುಕ್ಕಿನಲ್ಲಿ ಎಲ್ಲೂ ಇರಲಿಲ್ಲ. ಸುಳ್ಳು ಓದುವಾಗ ಬಾಯಿಗೆ ಬಂದದ್ದು. ಇಡೀ ವಿಸಿಟ್‌ನಲ್ಲಿ ನಾನು ಸರಿಯಾಗಿ ನೋಡಿದ್ದು ಅದೊಂದೇ.

ವಿಸಿಟ್ ಮುಗಿದ ಮೇಲೆ ಬರೆದೊಪ್ಪಿಸುವ ವರದಿ, ಪ್ರೋಸೆಸ್ ರೆಕಾರ್ಡಿಂಗ್‌ನಲ್ಲಿ, ಆಡಿದ ಮಾತನ್ನು ಆಡಿದ ಹಾಗೇ ಬರೆಯಬೇಕು. ಎಲ್ಲ ಬರೆದೆ, ಅಜ್ಜಿಯ ಪ್ರಶ್ನೆಗೆ ಕೊಟ್ಟ ಉತ್ತರವೊಂದನ್ನು ಬಿಟ್ಟು. "ಸ್ವಲ್ಪ ನೀರು ಕೊಡ್ತೀರಾ ಅಜ್ಜಿ" ಅಂದಿದ್ದೆ.

ಗೋಡೆ ಹಿಡಿದುಕೊಂಡು ಎದ್ದು, ತಂದುಕೊಟ್ಟರು.