ಹೇರ್‌ಕಟ್‌ಗೂ ಯಾರನ್ನೋ ಕೇಳಬೇಕು

ಇಂಗ್ಲೆಂಡಿನಲ್ಲಿ ‘ಇಂಡಿಪೆಂಡೆಂಟ್ ವಿಸಿಟರ್’ ಅಂತ ಒಂದು ಕೆಲಸವಿದೆ. ನಾನು ಅದನ್ನು ಮಾಡುತ್ತಿದ್ದೇನೆ ಎಂದಾಗ ಚಿಕ್ಕಪ್ಪ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, “ಎಷ್ಟು ಕೊಡ್ತಾರೋ?” ಸಂಬಳ ಇಲ್ಲ, ಬಸ್ ಚಾರ್ಜು, ಕಾಫಿ ಖರ್ಚು ವಾಪಸ್ ಕೊಡ್ತಾರೆ ಅಂದೆ. “ಮತ್ಯಾಕೆ ಹೋಗ್ತೀಯ?” ಅಂದರು. ಅದನ್ನು ಫೋನಿನಲ್ಲಿ ಹೇಳಿ ಮುಗಿಸುವುದು ಕಷ್ಟ.

ಹೆತ್ತವರ ಜೊತೆ ಇರಲಾಗದ ಮಕ್ಕಳ ಹೊಣೆ ಇಲ್ಲಿ ಆಯಾ ಊರಿನ ಕೌನ್ಸಿಲ್‌ನದು, ಅಂದರೆ ಸ್ಥಳೀಯ ಆಡಳಿತದ್ದು. 2024ರ ಮಾರ್ಚ್ ಕೊನೆಗೆ ಇಂಗ್ಲೆಂಡ್ ಒಂದರಲ್ಲೇ ಅಂಥ ಮಕ್ಕಳು 83 ಸಾವಿರಕ್ಕೂ ಹೆಚ್ಚಿದ್ದರು. ಮೂರರಲ್ಲಿ ಎರಡು ಪಾಲು ಮಕ್ಕಳು ಫಾಸ್ಟರ್ ಕುಟುಂಬಗಳಲ್ಲಿ, ಅಂದರೆ ದತ್ತು ತೆಗೆದುಕೊಳ್ಳದೆ ಮಗುವನ್ನು ಸಾಕುವ ಬೇರೆಯವರ ಮನೆಗಳಲ್ಲಿ ಇದ್ದಾರೆ. ಒಂದಷ್ಟು ಮಕ್ಕಳು, ಅದರಲ್ಲೂ ಹದಿಹರೆಯದವರು, ಚಿಲ್ಡ್ರನ್ಸ್ ಹೋಮ್‌ಗಳಲ್ಲಿ. ಬಾಲಮಂದಿರದಂಥ ದೊಡ್ಡ ಕಟ್ಟಡ, ಸಾಲು ಮಂಚ ಕಲ್ಪಿಸಿಕೊಳ್ಳಬೇಡಿ. ಎಲ್ಲರೂ ಇರುವ ಬೀದಿಯಲ್ಲೇ ಒಂದು ಮನೆ, ಮೂರೋ ನಾಲ್ಕೋ ಮಕ್ಕಳು, ಪಾಳಿಯ ಮೇಲೆ ಬಂದು ಹೋಗುವ ಸಿಬ್ಬಂದಿ.

ಮನೆಯವರ ಒಡನಾಟ ತೀರ ಕಡಿಮೆಯಾದ ಮಗುವಿಗೆ, ಅದರಿಂದ ಒಳ್ಳೆಯದಾಗುತ್ತದೆ ಅನಿಸಿದರೆ, ಕೌನ್ಸಿಲ್ ಹೊರಗಿನ ಒಬ್ಬರನ್ನು ಗೊತ್ತು ಮಾಡಬೇಕು ಎಂದು 1989ರ ಚಿಲ್ಡ್ರನ್ ಆಕ್ಟ್ ಹೇಳುತ್ತದೆ. ಅವರೇ ಇಂಡಿಪೆಂಡೆಂಟ್ ವಿಸಿಟರ್. ತಿಂಗಳಿಗೊಮ್ಮೆ ಹೋಗಿ ಸಿನಿಮಾಕ್ಕೋ ಪಾರ್ಕಿಗೋ ಕರೆದುಕೊಂಡು ಹೋಗುವುದು, ಮಾತಾಡುವುದು, ಇಲ್ಲವೇ ಸುಮ್ಮನೆ ಜೊತೆಗಿರುವುದು, ಇಷ್ಟೇ. ಮಗು ಬೇಡ ಎಂದರೆ ಬೇಡ. ನಾನು ಭೇಟಿಯಾಗುವ ಹುಡುಗನ ಹೆಸರು, ಊರು ಹೇಳುವಂತಿಲ್ಲ. ಅವನೂ ಮೊದಲು ಕೇಳಿದ್ದು ಚಿಕ್ಕಪ್ಪನ ಪ್ರಶ್ನೆಯನ್ನೇ, “ನಿಮಗೆ ದುಡ್ಡು ಕೊಡ್ತಾರಾ?” ಇಲ್ಲ ಎಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಇನ್ನೊಂದು ಪ್ಲೇಟ್ ಚಿಪ್ಸ್ ತಗೋಬಹುದಾ ಅಂದ.

ಆ ಪ್ರಶ್ನೆ ಅವನಿಗೆ ಯಾಕೆ ಮುಖ್ಯ ಎಂದು ತಿಳಿಯಲು ಅವನ ಸುತ್ತ ಇರುವ ದೊಡ್ಡವರನ್ನು ನೋಡಬೇಕು. ಸೋಷಿಯಲ್ ವರ್ಕರ್, ಆರು ತಿಂಗಳಿಗೊಮ್ಮೆ ಸಭೆ ನಡೆಸುವ ರಿವ್ಯೂಯಿಂಗ್ ಆಫೀಸರ್, ಶಾಲೆಯಲ್ಲಿ ಇಂಥ ಮಕ್ಕಳಿಗೆಂದೇ ನಿಯೋಜಿತರಾದ ಶಿಕ್ಷಕಿ, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆಯ ನರ್ಸ್. ಹೆಚ್ಚಿನವರು ಒಳ್ಳೆಯವರೇ. ಆದರೆ ಎಲ್ಲರೂ ಕೆಲಸದ ಮೇಲೆ ಬಂದವರು. ಬೇರೆ ಕೆಲಸ ಸಿಕ್ಕರೆ ಹೋಗುತ್ತಾರೆ. ಹೊಸ ಸೋಷಿಯಲ್ ವರ್ಕರ್ ಬಂದಾಗಲೆಲ್ಲ ಹುಡುಗ ತನ್ನ ಕಥೆಯನ್ನು ಮೊದಲಿನಿಂದ ಹೇಳಬೇಕು. ಫೈಲಿನಲ್ಲಿ ಎಲ್ಲ ಇದೆ ನಿಜ. ಫೈಲು ಓದಿ ಬಂದವರ ಮುಖ ನೋಡಿದರೇ ಗೊತ್ತಾಗಿಬಿಡುತ್ತದೆ ಎನ್ನುತ್ತಾನೆ ಅವನು.

ಈ ಮಕ್ಕಳ ಮನಸ್ಸಿನ ಆರೋಗ್ಯ ಅಳೆಯಲು ಇಲ್ಲಿ ಒಂದು ಪ್ರಶ್ನಾವಳಿ ಇದೆ. 4ರಿಂದ 16 ವರ್ಷದವರಿಗಾಗಿ ವರ್ಷಕ್ಕೊಮ್ಮೆ ಅದನ್ನು ತುಂಬುವವರು ಸಾಕುವವರು: ಸಿಟ್ಟು ಮಾಡುತ್ತಾನೋ, ಗೆಳೆಯರಿದ್ದಾರೋ, ಹೊಟ್ಟೆನೋವು ತಲೆನೋವು ಅನ್ನುತ್ತಾನೋ, ಇತ್ಯಾದಿ. ಬೇಡ ಎನ್ನುವುದಿಲ್ಲ, ತೊಂದರೆ ಬೇಗ ಕಣ್ಣಿಗೆ ಬೀಳಲು ಅದು ಬೇಕು. ನನಗೆ ಹೆಚ್ಚು ಹಿಡಿಸಿದ್ದು ಕೋರಂ ವಾಯ್ಸ್ ಎಂಬ ಸಂಸ್ಥೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರ ಜೊತೆ ನಡೆಸುವ ‘ಬ್ರೈಟ್ ಸ್ಪಾಟ್ಸ್’ ಸಮೀಕ್ಷೆ. ನಿಮ್ಮ ಬದುಕು ಚೆನ್ನಾಗಿರಲು ಏನು ಬೇಕು ಎಂದು ಅವರು ಮಕ್ಕಳನ್ನೇ ಕೇಳಿದರು. ನನ್ನ ಸೋಷಿಯಲ್ ವರ್ಕರ್ ಯಾರು ಅಂತ ನನಗೆ ಗೊತ್ತಿರಬೇಕು. ನಾನು ಯಾಕೆ ಮನೆ ಬಿಟ್ಟು ಬಂದೆ ಎಂದು ಯಾರಾದರೂ ಸರಿಯಾಗಿ ಹೇಳಬೇಕು. ನಾಲ್ಕು ಜನರ ಎದುರು ನನಗೆ ಮುಜುಗರ ಮಾಡಬಾರದು. ಒಂದು ಸಾಕುಪ್ರಾಣಿ ಬೇಕು. ಇಂಥವು ಬಂದವು. ನಾಯಿಯೋ ಬೆಕ್ಕೋ ಬೇಕೆನ್ನುವುದು ಯಾವ ಅಧಿಕಾರಿಯ ತಲೆಗೆ ಹೊಳೆಯುತ್ತಿತ್ತು ಹೇಳಿ?

ಮುಜುಗರದ ಮಾತಿಗೆ ಬಂದರೆ, ಕೂದಲಿನ ವಿಷಯ ಹೇಳಲೇಬೇಕು. ಮಗು ಸರ್ಕಾರದ ಪಾಲನೆಗೆ ಬಂದರೂ ಹೆತ್ತವರ ಹಕ್ಕು ಪೂರ್ತಿ ಹೋಗುವುದಿಲ್ಲ. ಹಾಗಾಗಿ ಹೇರ್‌ಕಟ್, ಶಾಲೆಯ ಪ್ರವಾಸ, ಗೆಳೆಯನ ಮನೆಯಲ್ಲಿ ಒಂದು ರಾತ್ರಿ ಉಳಿಯುವುದು, ಇವಕ್ಕೆಲ್ಲ ಹೂಂ ಅನ್ನಬೇಕಾದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ದಿನನಿತ್ಯದ ನಿರ್ಧಾರಗಳನ್ನು ಆದಷ್ಟೂ ಸಾಕುವವರಿಗೇ ಬಿಡಿ ಎಂದು ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಗೆಳೆಯನ ಮನೆಯಲ್ಲಿ ಒಂದು ರಾತ್ರಿ ಮಲಗಲು ಆ ಮನೆಯವರ ಪೊಲೀಸ್ ದಾಖಲೆ ತೆಗೆಸಬೇಕಿಲ್ಲ. ಆದರೆ ಯಾವ ಅಧಿಕಾರ ಯಾರದು ಎಂದು ಕಾಗದದಲ್ಲಿ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಸಾಕುವವರು ಹೆದರುತ್ತಾರೆ. ಇಮೇಲ್ ಹಾಕಿ ಕಾಯುತ್ತಾರೆ. ಉತ್ತರ ಬರುವಷ್ಟರಲ್ಲಿ ಬರ್ತ್‌ಡೇ ಪಾರ್ಟಿ ಮುಗಿದಿರುತ್ತದೆ. ಹದಿನಾಲ್ಕರ ಹುಡುಗ ತರಗತಿಯಲ್ಲಿ “ನನ್ನ ಸೋಷಿಯಲ್ ವರ್ಕರ್ ಇನ್ನೂ ಹೇಳಿಲ್ಲ” ಎನ್ನುವುದಕ್ಕಿಂತ “ನಂಗೆ ಬರೋಕೆ ಇಷ್ಟ ಇಲ್ಲ” ಎಂದು ಸುಳ್ಳು ಹೇಳುವುದೇ ಸುಲಭ.

ಮನೆ ಬದಲಾದಾಗ ಬಟ್ಟೆಬರೆಯನ್ನು ಕಪ್ಪು ಕಸದ ಚೀಲದಲ್ಲಿ ತುಂಬಿ ಕಳಿಸಿದ್ದನ್ನು ದೊಡ್ಡವರಾದ ಮೇಲೂ ನೆನೆಯುವವರಿದ್ದಾರೆ. ಇಷ್ಟು ಶ್ರೀಮಂತ ದೇಶದಲ್ಲಿ ಒಂದು ಸೂಟ್‌ಕೇಸ್ ಇಲ್ಲವೇ ಎಂದು ನಿಮಗೆ ಅನಿಸಬಹುದು. ದುಡ್ಡೇನೋ ಇದೆ. ಚಿಲ್ಡ್ರನ್ಸ್ ಹೋಮ್‌ಗಳಲ್ಲಿ ಬಹುಪಾಲು ಖಾಸಗಿಯವರದು. ಮಾರುಕಟ್ಟೆಯ ಮೇಲೆ ಕಣ್ಣಿಡುವ ಇಲ್ಲಿನ ಸರ್ಕಾರಿ ಸಂಸ್ಥೆ ಕಾಂಪಿಟಿಷನ್ ಅಂಡ್ ಮಾರ್ಕೆಟ್ಸ್ ಅಥಾರಿಟಿ 2022ರಲ್ಲಿ ಲೆಕ್ಕ ತೆಗೆದಾಗ, ದೊಡ್ಡ ಸಂಸ್ಥೆಗಳಿಗೆ ಇದರಲ್ಲಿ ಸರಾಸರಿ ಶೇ. 22.6 ಲಾಭ. ಲಾಭದ ಲೆಕ್ಕ ಇದ್ದಲ್ಲಿ ಮನೆಗಳು ಏಳುವುದು ಬಾಡಿಗೆ, ಜಾಗ ಅಗ್ಗ ಇರುವ ಕಡೆ, ಅಂದರೆ ದೇಶದ ವಾಯವ್ಯ ಭಾಗದಲ್ಲಿ ಹೆಚ್ಚು. ಹಾಗಾಗಿ ದಕ್ಷಿಣದ ಮಗು ಶಾಲೆ, ಅಜ್ಜಿ, ಫುಟ್‌ಬಾಲ್ ತಂಡ ಎಲ್ಲ ಬಿಟ್ಟು ದೂರ ಹೋಗಬೇಕಾಗುತ್ತದೆ. ವೇಲ್ಸ್ ಈ ವ್ಯಾಪಾರವನ್ನೇ ನಿಲ್ಲಿಸುವ ಕಾನೂನನ್ನು 2025ರಲ್ಲಿ ತಂದಿತು. ಇಂಗ್ಲೆಂಡ್ ಅಷ್ಟು ದೂರ ಹೋಗಿಲ್ಲ. ಹೋಗಬೇಕು ಎಂಬುದು ನನ್ನ ಅನಿಸಿಕೆ.

ಹದಿನೆಂಟು ತುಂಬಿದ ಮೇಲೆ? 2014ರಿಂದ ಫಾಸ್ಟರ್ ಮನೆಯಲ್ಲಿರುವವರು, ಎರಡೂ ಕಡೆ ಒಪ್ಪಿದರೆ, 21ರವರೆಗೆ ಅಲ್ಲೇ ಉಳಿಯಬಹುದು. ಚಿಲ್ಡ್ರನ್ಸ್ ಹೋಮ್‌ನಲ್ಲಿ ಬೆಳೆದವರಿಗೆ ಅದೇ ಹಾಸಿಗೆಯಲ್ಲಿ ಉಳಿಯುವ ಅಂಥ ಹಕ್ಕಿಲ್ಲ. ಹೆಚ್ಚು ಏಟು ತಿಂದು ಬಂದ ಮಕ್ಕಳೇ ಹೋಮ್‌ಗಳಲ್ಲಿ ಹೆಚ್ಚಿರುತ್ತಾರೆ, ಅವರೇ ಬೇಗ ಹೊರಬೀಳಬೇಕು. ಇದನ್ನು ಯಾರು ಹೇಗೆ ಸಮರ್ಥಿಸುತ್ತಾರೋ ನನಗಂತೂ ಅರ್ಥವಾಗಿಲ್ಲ. ಸಲಹೆಗೆಂದು 25ರವರೆಗೆ ಒಬ್ಬ ಪರ್ಸನಲ್ ಅಡ್ವೈಸರ್ ಇರುತ್ತಾರೆ, ಸರಿ. ಆದರೆ ಭಾನುವಾರ ಸಂಜೆ ಬಾಯ್ಲರ್ ಕೆಟ್ಟರೆ ನಮ್ಮ ಮಕ್ಕಳು ಫೋನ್ ಮಾಡುವುದು ಅಡ್ವೈಸರ್‌ಗಲ್ಲ. ವೇಲ್ಸ್‌ನಲ್ಲಿ 2022ರ ಜುಲೈಯಿಂದ ಒಂದು ವರ್ಷದೊಳಗೆ ಹದಿನೆಂಟು ತುಂಬಿದ ಇಂಥವರಿಗೆ ಎರಡು ವರ್ಷ ಕಾಲ ತಿಂಗಳಿಗೆ 1,600 ಪೌಂಡ್ ಮೂಲ ಆದಾಯ ಕೊಡುವ ಪ್ರಯೋಗವನ್ನೂ ಮಾಡಿದರು. ಏನು ಮಾಡಿದೆ, ಯಾಕೆ ಖರ್ಚು ಮಾಡಿದೆ ಎಂದು ಕೇಳದೆ ಕೊಟ್ಟ ದುಡ್ಡು ಅದು.

ಇಲ್ಲಿರುವ ನಮ್ಮವರು ಕೆಲವರು ಈ ಕೆಲಸಕ್ಕೆ ಸೇರುವುದು ಹೇಗೆಂದು ಕೇಳುತ್ತಿರುತ್ತಾರೆ. ಪೊಲೀಸ್ ದಾಖಲೆ ಪರಿಶೀಲನೆ, ಸ್ವಲ್ಪ ತರಬೇತಿ, ಒಂದು ಸಂದರ್ಶನ. ಇಂಗ್ಲಿಷ್ ಉಚ್ಚಾರಣೆಯ ಚಿಂತೆ ಬಿಡಿ, ಹುಡುಗರು ನಕ್ಕು ಸುಮ್ಮನಾಗುತ್ತಾರೆ. ಸಾಮಾನ್ಯವಾಗಿ ಎರಡು ವರ್ಷವಾದರೂ ಬಿಡದೆ ಬರುತ್ತೀರಾ ಎಂದು ಕೇಳುತ್ತಾರೆ. ವೀಸಾ ಅಷ್ಟು ದಿನ ಇಲ್ಲದವರು, ಕಂಪನಿ ಬದಲಿಸಿ ಬೇರೆ ಊರಿಗೆ ಹೋಗುವ ಯೋಚನೆಯಲ್ಲಿರುವವರು ಈಗಲೇ ಹೆಸರು ಕೊಡಬೇಡಿ.