ಎರಡನೇ ಸಲ ಒತ್ತಿದರೂ ನಿಲ್ಲದ ಮುಳ್ಳು

ದೊಡ್ಡಪ್ಪ ಹಡಗಿನಲ್ಲಿ ಕೆಲಸಕ್ಕಿದ್ದವರು. ಏಡನ್ ಬಂದರಿನಲ್ಲಿ ತಗೊಂಡ ಅವರ ವಾಚು ನಮ್ಮ ಕಪಾಟಿನಲ್ಲಿ, ಬಿಸ್ಕತ್ತಿನ ಡಬ್ಬಿಯೊಳಗೆ ವರ್ಷಗಟ್ಟಲೆ ಬಿದ್ದಿತ್ತು. ‘ಅದು ಹಾಳಾಗಿದೆ’ ಅಂತ ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದರು.

ಕೀ ಕೊಟ್ಟರೆ ಓಡುತ್ತಿತ್ತು. ತಕರಾರು ಇದ್ದದ್ದು ಪಕ್ಕದ ಗುಂಡಿಗಳದ್ದು. ಮೇಲಿನದನ್ನು ಒತ್ತಿದರೆ ಸ್ಟಾಪ್‌ವಾಚಿನ ಹಾಗೆ ನಡುವಿನ ಉದ್ದ ಮುಳ್ಳು ಹೊರಡುತ್ತದೆ. ಮತ್ತೆ ಒತ್ತಿದರೆ ನಿಲ್ಲಬೇಕು, ಅಲ್ವಾ? ನಿಲ್ಲುತ್ತಲೇ ಇರಲಿಲ್ಲ. ಹಿಂದೆ ಚಿಕ್ಕಪ್ಪ ರಿಪೇರಿಗೆ ಕೊಟ್ಟಾಗ ಅಂಗಡಿಯವರು, ‘ಗುಂಡಿ ಹೋಗಿದೆ, ಪಾರ್ಟು ಸಿಗಲ್ಲ. ಮುಳ್ಳು ಓಡುವಾಗ ಕೆಳಗಿನದನ್ನು ಒತ್ತಬೇಡಿ, ಹಲ್ಲು ಮುರಿದೀತು’ ಎಂದು ಹೆದರಿಸಿ ಕಳಿಸಿದ್ದರಂತೆ. ಅಲ್ಲಿಂದ ಕೆಳಗಿನ ಗುಂಡಿಯನ್ನು ಯಾರೂ ಮುಟ್ಟಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಅದನ್ನು ಮಂಗಳೂರಿಗೆ ಒಯ್ದೆ. ಹಂಪನಕಟ್ಟೆಯ ಹತ್ತಿರ, ಮೆಟ್ಟಿಲ ಕೆಳಗೆ ಕೂರುವ ವಯಸ್ಸಾದ ರಿಪೇರಿಯವರು. ಎಚ್‌ಎಂಟಿ ವಾಚುಗಳನ್ನು ಕಣ್ಣು ಮುಚ್ಚಿ ಬಿಚ್ಚುವ ಕೈ ಅವರದ್ದು.

“ಯಾವ ಕಂಪನಿ?”

ಡಯಲ್ ನೋಡಿ ‘ಕ್ರೊನೊಗ್ರಾಫ್ ಸ್ವಿಸ್’ ಎಂದು ಓದಿದೆ. ನಕ್ಕರು. “ಅದು ಹೆಸರಲ್ಲ ಮಾರಾಯ್ರೇ. ಸ್ಟಾಪ್‌ವಾಚ್ ಇರುವ ವಾಚಿಗೆಲ್ಲ ಕ್ರೊನೊಗ್ರಾಫ್ ಅಂತಲೇ ಹೇಳುವುದು. ಬಸ್ಸಿನ ಮೇಲೆ ಬಸ್ಸು ಅಂತ ಬರೆದ ಹಾಗೆ. ಮೆಷಿನ್ ನೋಡುವ.”

ಹಿಂದಿನ ಮುಚ್ಚಳ ತೆಗೆದರು. ಗುಲಾಬಿ ಕಲ್ಲುಗಳು, ಸನ್ನೆಗಳು, ಕೂದಲೆಳೆಯಂಥ ಸ್ಪ್ರಿಂಗುಗಳು, ಮೂಲೆಯಲ್ಲಿ ಆಚೀಚೆ ತೂಗುವ ಬ್ಯಾಲೆನ್ಸ್ ಚಕ್ರ. ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಅವರು ಮೊದಲು ಹುಡುಕಿದ್ದು ‘ಕಂಬದ ಚಕ್ರ’. ಬಿಲ್ಲಿನ ಹಿಂದೆ ಚಿತ್ರ ಬರೆದು ತೋರಿಸಿದರು: ಸಣ್ಣ ಚಕ್ರದ ಮೇಲೆ ಮಂಟಪದ ಹಾಗೆ ಸುತ್ತಲೂ ಕಂಬ. ವಾಲ್‌ಜೂ 72, ವೀನಸ್ 175ರಂಥ ಮೆಷಿನ್‌ಗಳಲ್ಲಿ ಗುಂಡಿಯ ಹುಕುಂ ಹೋಗುವುದು ಆ ಕಂಬಗಳ ಮೂಲಕ. ನಮ್ಮದರಲ್ಲಿ ಕಂಬ ಇರಲಿಲ್ಲ. ಅದರ ಜಾಗದಲ್ಲಿ ಅದೇ ಕೆಲಸ ಮಾಡುವ, ತಗಡು ಕತ್ತರಿಸಿದಂಥ ಚಪ್ಪಟೆ ತುಂಡು, ಕ್ಯಾಮ್. ಮಾಡಲು ಸುಲಭ, ಖರ್ಚೂ ಕಡಿಮೆ.

“ವೀನಸ್ 188 ಇರಬಹುದು. ಅಥವಾ...” ಎನ್ನುತ್ತಾ ನನ್ನ ಮೊಬೈಲಿನ ಟಾರ್ಚ್ ಹಾಕಿಸಿದರು. ನಂಬರು ಇರುವುದು ಬ್ಯಾಲೆನ್ಸ್ ಚಕ್ರದ ಬುಡದಲ್ಲಂತೆ. ಚಕ್ರ ತೂಗುತ್ತಿದ್ದರೆ ಕಾಣುವುದಿಲ್ಲ. ಚಿಮಟದ ತುದಿಯಲ್ಲಿ ಅದನ್ನು ಮೆತ್ತಗೆ ತಡೆದು ನನಗೆ ಲೆನ್ಸ್ ಕೊಟ್ಟರು. ಸಾಸಿವೆಗಿಂತ ಸಣ್ಣ ಅಕ್ಷರ: ಲ್ಯಾಂಡೆರಾನ್. ಪಕ್ಕದಲ್ಲಿ 48.

ಅವರು ಲೆನ್ಸ್ ವಾಪಸ್ ತಗೊಳ್ಳಲೇ ಇಲ್ಲ. ಸುಮ್ನೆ ಮೇಲಿನ ಗುಂಡಿ ಒತ್ತಿದರು. ಮುಳ್ಳು ಹೊರಟಿತು. ಆಮೇಲೆ ಕೆಳಗಿನದು. ನನಗೆ ಜೀವ ಹೋದ ಹಾಗಾಯಿತು. ಮುಳ್ಳು ಗಪ್ಪಂತ ನಿಂತಿತು. ಇನ್ನೊಂದು ಸಲ ಕೆಳಗಿನದು. ಸಟಕ್ಕನೆ ಹನ್ನೆರಡಕ್ಕೆ ಬಂದು ಕೂತಿತು.

“ಈ ಮೆಷಿನ್ ಇರುವುದೇ ಹಾಗೆ. ಮೇಲಿನದು ಹೊರಡಿಸಲಿಕ್ಕೆ ಮಾತ್ರ. ನಿಲ್ಲಿಸುವುದು, ಸೊನ್ನೆಗೆ ತರುವುದು ಎರಡೂ ಕೆಳಗಿನದು. ಎಲ್ಲ ಸರಿ ಉಂಟು, ಎಣ್ಣೆ ಮಾತ್ರ ಅಂಟಾಗಿದೆ.”

1937ರಿಂದ 1970ರವರೆಗೆ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಸೀಮೆಯ ಲೆ ಲ್ಯಾಂಡೆರಾನ್ ಊರಿನಲ್ಲಿ ಈ ಜಾತಿಯ ಮೆಷಿನ್‌ಗಳು ಲಕ್ಷಗಟ್ಟಲೆ ತಯಾರಾದವು. ಕೊಂಡವರು ತಮಗೆ ಬೇಕಾದ ಹೆಸರು ಬರೆಸಿಕೊಂಡರು, ಕೆಲವರು ನಮ್ಮ ವಾಚಿನ ಹಾಗೆ ಹೆಸರೇ ಬರೆಸಲಿಲ್ಲ. ದೊಡ್ಡಪ್ಪನಿಗೆ ಗುಂಡಿಯ ಗುಟ್ಟು ಗೊತ್ತಿದ್ದಿರಲೇಬೇಕು. ಅವರು ಹೋದ ಮೇಲೆ ಕೇಳುವುದು ಯಾರನ್ನು?

ಅಲ್ಲಿಂದಲೇ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು.

“ನಾನು ಆವತ್ತೇ ಹೇಳ್ಲಿಲ್ವಾ, ಕೆಳಗಿನದನ್ನ ಒತ್ತಿ ನೋಡೋಣ ಅಂತ?”